ಮಾವನವರ ಅಣಬೆ ಬುಟ್ಟಿ: ತಿನ್ನೋದಾ, ಬಿಡೋದಾ?

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಚಿಕ್ಕಂದಿನಿಂದ ಕಾಡಿನ ಅಣಬೆ ಆರಿಸಿ ತಿಂದು ಬೆಳೆದವರು. ಎರಡು ವರ್ಷದ ಹಿಂದೆ ತಮ್ಮ ಊರು ಬಿಟ್ಟು, ತುಂಬಾ ದೂರದಲ್ಲಿರುವ ನಮ್ಮ ಮನೆಗೆ ಬಂದಿದ್ದಾರೆ. ಹೋದ ತಿಂಗಳು ಮಳೆ ಬಿದ್ದ ಮೇಲೆ ಮನೆ ಎದುರಿನ ಹುಲ್ಲಿನಲ್ಲಿ ದೊಡ್ಡ ಬಿಳಿ ಕೊಡೆಯಂಥ ಅಣಬೆಗಳು ಎದ್ದವು. ಮೇಲೆ ಕಂದು ಚಕ್ಕೆಗಳಿದ್ದವು, ದಂಟಿಗೆ ಒಂದು ಉಂಗುರವಿತ್ತು. "ಇದು ನಾವು ತಿನ್ನುತ್ತಿದ್ದದ್ದೇ" ಎಂದು ಮಾವ ತಂದರು. ಬೆಳ್ಳಿ ಚಮಚ ಹಾಕಿ ಕುದಿಸಿದರೆ ಚಮಚ ಕಪ್ಪಾಗಲಿಲ್ಲ. ಹುಳ ತಿಂದ ಗುರುತೂ ಇತ್ತು. ಆದರೂ ತಿಂದ ಎರಡು ಗಂಟೆಯೊಳಗೆ ನನಗೂ ನನ್ನ ಗಂಡನಿಗೂ ವಾಂತಿ, ಭೇದಿ ಶುರುವಾಯಿತು. ಮರುದಿನ ಸರಿಹೋಯಿತು. ಆರು ವರ್ಷದ ಮಗಳು ತಿಂದಿರಲಿಲ್ಲ. ಮಾವನವರಿಗೆ ಏನೂ ಆಗಲಿಲ್ಲ. "ನೀವು ಸರಿಯಾಗಿ ಬೇಯಿಸಿಲ್ಲ, ಅಣಬೆಯದ್ದೇನೂ ತಪ್ಪಿಲ್ಲ" ಅನ್ನುತ್ತಾರೆ. ಕಾಡಿನ ಅಣಬೆಯಲ್ಲಿ ಬೆಳೆಸಿದ ಅಣಬೆಗಿಂತ ಜಾಸ್ತಿ ಸತ್ವ ಇದೆ, ಅದು ಔಷಧಿ ಇದ್ದ ಹಾಗೆ ಅಂತಲೂ ಹೇಳುತ್ತಾರೆ. ಇದನ್ನು ಕೇಳಿ ನಮ್ಮ ಅತ್ತೆ ಸಕ್ಕರೆ ಕಾಯಿಲೆಗೆ ಅಣಬೆ ಪುಡಿ ತಗೊಳ್ಳಲು ಹೊರಟಿದ್ದಾರೆ. ಅವರು ರಕ್ತ ತೆಳುವಾಗುವ ಮಾತ್ರೆಯಲ್ಲಿದ್ದಾರೆ. ಮಾವನವರ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ. ಆದರೆ ಮತ್ತೆ ಆ ಬುಟ್ಟಿ ಅಡುಗೆಮನೆಗೆ ಬಂದರೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು "ಎರಡು ಗಂಟೆಯೊಳಗೆ" ಅನ್ನುವ ಮಾತಿನ ಮೇಲೆ. ನಾನು ಅಣಬೆಗಳ ಮೇಲೆ ಕೆಲಸ ಮಾಡುವವನು, ವೈದ್ಯನಲ್ಲ. ಆದರೆ ಅಣಬೆ ತಿಂದು ಆಸ್ಪತ್ರೆ ಸೇರಿದವರ ತಟ್ಟೆಯಲ್ಲಿ ಉಳಿದ ಚೂರುಗಳು ಎಷ್ಟೋ ಸಲ ನನ್ನ ಮೇಜಿಗೆ ಬಂದಿವೆ. ಆಗ ನಾನು ಕೇಳುವ ಮೊದಲ ಪ್ರಶ್ನೆ, ತಿಂದು ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು ಅನ್ನೋದು. ಅರ್ಧ ಗಂಟೆಯಿಂದ ನಾಲ್ಕು ಗಂಟೆಯೊಳಗೆ ವಾಂತಿ ಭೇದಿ ಬಂದರೆ ಸಾಮಾನ್ಯವಾಗಿ ಅದು ಹೊಟ್ಟೆ ಕೆಡಿಸುವ ಅಣಬೆ. ಆರು ಗಂಟೆ ಸುಮ್ನೆ ಇದ್ದು, ಆಮೇಲೆ ಶುರುವಾದರೆ ನನಗೆ ಭಯ. ಜೀವ ತೆಗೆಯುವ ಅಣಬೆಗಳ ರೀತಿ ಅದು. ನಿಮಗೆ ಆದದ್ದು ಮೊದಲನೆಯ ಥರದ್ದು. ಮರುದಿನ ಚೇತರಿಸಿಕೊಂಡಿದ್ದೀರಿ. ಒಂದು ತಿಂಗಳಾಗಿದೆ. ಆ ಊಟದ ಬಗ್ಗೆ ಇನ್ನು ಹೆದರಬೇಕಿಲ್ಲ. ಮುಂದಿನ ಊಟದ ಬಗ್ಗೆ ಮಾತಾಡೋಣ.

ಬರೀ ವರ್ಣನೆ ಓದಿ ಯಾವ ಅಣಬೆ ಅಂತ ಖಚಿತವಾಗಿ ಹೇಳುವವರನ್ನು ನೀವು ನಂಬಬಾರದು. ಅದಕ್ಕೆ ನಾನು ಹೇಳುವುದನ್ನೂ ಅನುಮಾನ ಅಂತಲೇ ತಿಳಿಯಿರಿ. ಹುಲ್ಲುಹಾಸು, ಮಳೆ, ದೊಡ್ಡ ಬಿಳಿ ಕೊಡೆ, ಕಂದು ಚಕ್ಕೆ, ಉಂಗುರ, ಎರಡು ಗಂಟೆಯಲ್ಲಿ ವಾಂತಿ. ಇಷ್ಟನ್ನೂ ಸೇರಿಸಿದರೆ ನನ್ನ ಮನಸ್ಸು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ಅಣಬೆಯ ಕಡೆ ಹೋಗುತ್ತದೆ. ಬಿಸಿ ಪ್ರದೇಶಗಳ ಹುಲ್ಲಿನಲ್ಲಿ ಇದು ಧಾರಾಳವಾಗಿ ಏಳುತ್ತದೆ. ನೋಡಲು ಬಲು ಚೆಂದ. ತಿನ್ನಲು ಯೋಗ್ಯವಾದ ಪ್ಯಾರಸಾಲ್ ಅಣಬೆಯ ಅಕ್ಕ ತಂಗಿಯಂತೆ ಕಾಣುತ್ತದೆ. ಎಳೆಯದಿರುವಾಗ ಕೊಡೆಯ ಕೆಳಗಿನ ಪದರಗಳು ಎರಡರಲ್ಲೂ ಬಿಳಿ. ವ್ಯತ್ಯಾಸ ಇರುವುದು ಬೀಜಕಗಳ, ಅಂದರೆ ಆ ಪದರಗಳಿಂದ ಉದುರುವ ನುಣ್ಣನೆ ಪುಡಿಯ ಬಣ್ಣದಲ್ಲಿ. ಪ್ಯಾರಸಾಲಿನದು ಬಿಳಿ ಅಥವಾ ಕೆನೆ ಬಣ್ಣ. ಇದರದು ಹಸಿರು. ಕೊಡೆ ಹಣ್ಣಾಗುತ್ತಾ ಬಂದಂತೆ ಕೆಳಗಿನ ಪದರಗಳೂ ಹಸಿರು ಬೂದಿಗೆ ತಿರುಗುತ್ತವೆ. ಆದರೆ ಆರಿಸುವವರು ಎಳೆಯದನ್ನೇ ಆರಿಸುತ್ತಾರೆ ಅಲ್ವಾ? ಅಲ್ಲಿಯೇ ಮೋಸ ಹೋಗುವುದು.

ಹಾಗಾದರೆ ಮಾವನವರಿಗೆ ಯಾಕೆ ಏನೂ ಆಗಲಿಲ್ಲ? ಈ ಅಣಬೆಯ ವಿಚಿತ್ರವೇ ಅದು. ಒಂದೇ ಪಾತ್ರೆಯಿಂದ ತಿಂದವರಲ್ಲಿ ಒಬ್ಬರು ರಾತ್ರಿಯಿಡೀ ನರಳುತ್ತಾರೆ, ಇನ್ನೊಬ್ಬರು ಆರಾಮಾಗಿ ನಿದ್ದೆ ಮಾಡುತ್ತಾರೆ. ತಿಂದ ಪ್ರಮಾಣ, ಅವರವರ ಹೊಟ್ಟೆ, ಅವರ ಪಾಲಿಗೆ ಬಂದ ಚೂರು ಎಷ್ಟು ಬೆಂದಿತ್ತು ಅನ್ನುವುದು, ಎಲ್ಲವೂ ಸೇರಿಕೊಳ್ಳುತ್ತವೆ. ಬೇಯಿಸಿದ್ದರಲ್ಲಿ ಹೆಚ್ಚುಕಮ್ಮಿ ಆಗಿರಲೂಬಹುದು, ಮಾವನವರ ಮಾತನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಆದರೆ ಎಷ್ಟು ಬೆಂದರೆ ಸಾಕು ಎಂದು ಲೆಕ್ಕ ಹಾಕಬೇಕಾದ ಅಣಬೆ ಆರು ವರ್ಷದ ಮಗು ಇರುವ ಮನೆಗೆ ಬೇಡ. ಮಕ್ಕಳಿಗೆ ವಾಂತಿ ಭೇದಿಯಿಂದ ನೀರು ಬತ್ತುವುದು ಬೇಗ. ದೊಡ್ಡವರು ಒಂದು ದಿನದಲ್ಲಿ ದಾಟಿದ್ದನ್ನು ಮಗು ಆಸ್ಪತ್ರೆಯಲ್ಲಿ ದಾಟಬೇಕಾದೀತು.

ಮಾವನವರ ತಿಳಿವಳಿಕೆ ಸುಳ್ಳಲ್ಲ. ಇದನ್ನು ಒತ್ತಿ ಹೇಳಬೇಕು ನಾನು. ಅರವತ್ತು ವರ್ಷ ಅಣಬೆ ಆರಿಸಿ ತಿಂದು ಬದುಕಿದವರಿಗೆ ತಮ್ಮ ಕಾಡಿನ ಬಗ್ಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಯಾವ ಮರದ ಬುಡ, ಯಾವ ಮಳೆ, ಯಾವ ವಾರ, ಎಲ್ಲವೂ ಅವರ ಕಣ್ಣಲ್ಲಿದೆ. ತೊಂದರೆ ಏನೆಂದರೆ, ಆ ತಿಳಿವಳಿಕೆ ಆ ಜಾಗಕ್ಕೆ ಅಂಟಿಕೊಂಡದ್ದು. ಅಲ್ಲಿ ತಿನ್ನುವ ಅಣಬೆಯನ್ನು ಹೋಲುವ ವಿಷದ ಅಣಬೆ ಇಲ್ಲದೆ ಇದ್ದಿರಬಹುದು. ಹಾಗಾಗಿ ಅವರು ಅದನ್ನು ಬೇರ್ಪಡಿಸಿ ನೋಡಲು ಕಲಿಯಬೇಕಾದ ಅಗತ್ಯವೇ ಬಂದಿಲ್ಲ. ಆಗ್ನೇಯ ಏಷ್ಯಾದಿಂದ ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋದ ಕೆಲವರಿಗೆ ಇದೇ ಆಯಿತು. ಅವರು ಭತ್ತದ ಹುಲ್ಲಿನ ಅಣಬೆಯನ್ನು ಮೊಗ್ಗಿನಲ್ಲೇ ಕಿತ್ತು ತಿಂದು ಬೆಳೆದವರು. ಹೊಸ ನೆಲದಲ್ಲಿ ಅಂಥದ್ದೇ ಮೊಗ್ಗು ಕಂಡಿತು, ಬುಡದಲ್ಲಿ ಅಂಥದ್ದೇ ಚೀಲ. ಅದು ಡೆತ್ ಕ್ಯಾಪ್ ಎಂಬ ಮಾರಕ ಅಣಬೆ. ಸತ್ತವರು ಅಣಬೆ ಗೊತ್ತಿಲ್ಲದವರಲ್ಲ, ಗೊತ್ತಿದ್ದವರು. ಮಾವನವರ ಹತ್ತಿರ ಮಾತಾಡುವಾಗ ಇದನ್ನು ಹೇಳಿ. "ನಿಮಗೆ ಗೊತ್ತಿಲ್ಲ" ಅನ್ನುವುದಕ್ಕಿಂತ "ಈ ನೆಲ ನಮ್ಮೆಲ್ಲರಿಗೂ ಹೊಸದು ಮಾವ" ಅಂದರೆ ಅವರಿಗೂ ಒಪ್ಪಿಕೊಳ್ಳಲು ಸುಲಭ. ಅದು ನಿಜವೂ ಹೌದು.

ಈಗ ಬೆಳ್ಳಿ ಚಮಚ. ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕ ಇರುವ ಪದಾರ್ಥಗಳು. ಮೊಟ್ಟೆ ತಿಂದ ಚಮಚವೂ ಕಪ್ಪಾಗುತ್ತದೆ, ಮೊಟ್ಟೆ ವಿಷವೇ? ಅಣಬೆಯ ಮಾರಕ ವಿಷಗಳು ಬೆಳ್ಳಿಯ ಮೇಲೆ ಯಾವ ಗುರುತನ್ನೂ ಬಿಡುವುದಿಲ್ಲ. ಬೆಳ್ಳುಳ್ಳಿ, ಈರುಳ್ಳಿ, ಅಕ್ಕಿ ಹಾಕಿ ಬಣ್ಣ ನೋಡುವುದೂ ಇಷ್ಟೇ. ಹುಳ ತಿಂದಿದೆ ಅನ್ನುವುದು ಇನ್ನೂ ಅಪಾಯದ ನಂಬಿಕೆ. ಡೆತ್ ಕ್ಯಾಪನ್ನು ಬಸವನಹುಳಗಳು ಆರಾಮಾಗಿ ತಿನ್ನುತ್ತವೆ. ಕೆಲವು ನೊಣಗಳು ಆ ಜಾತಿಯ ಅಣಬೆಗಳಲ್ಲೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಅವುಗಳ ಮೈ ಬೇರೆ, ನಮ್ಮ ಮೈ ಬೇರೆ. ಬಣ್ಣ ಬಣ್ಣದ್ದು ವಿಷ, ಬಿಳಿಯದು ಒಳ್ಳೆಯದು ಅನ್ನುವವರಿದ್ದಾರೆ. ಅತಿ ಮಾರಕವಾದ ಅಣಬೆಗಳಲ್ಲಿ ಕೆಲವು ಹಾಲಿನಂತೆ ಬಿಳಿ. ಮರದ ಮೇಲೆ ಬೆಳೆದದ್ದು ಸುರಕ್ಷಿತ ಅನ್ನುತ್ತಾರೆ. ಗ್ಯಾಲರಿನಾ ಅನ್ನುವ ಪುಟ್ಟ ಕಂದು ಅಣಬೆ ಕೊಳೆತ ಮರದ ಮೇಲೇ ಬೆಳೆಯುತ್ತದೆ, ಅದರಲ್ಲಿರುವುದು ಡೆತ್ ಕ್ಯಾಪಿನದೇ ವಿಷ. ಸಿಪ್ಪೆ ಸುಲಿದರೆ, ಉಪ್ಪುನೀರಲ್ಲಿ ನೆನೆಸಿದರೆ, ವಿನೆಗರ್ ಹಾಕಿ ಕುದಿಸಿದರೆ ವಿಷ ಹೋಗುತ್ತದೆ ಅನ್ನುವುದೂ ಈ ವಿಷದ ಮಟ್ಟಿಗೆ ಸುಳ್ಳು. ಅಡುಗೆಮನೆಯಲ್ಲಿ ಮಾಡುವ ಯಾವ ಪರೀಕ್ಷೆಯೂ ಒಳ್ಳೆಯ ಅಣಬೆಯನ್ನು ಕೆಟ್ಟದ್ದರಿಂದ ಬೇರೆ ಮಾಡುವುದಿಲ್ಲ. ಒಂದೂ ಇಲ್ಲ.

ಕಾರಣ ಸರಳ. ನಾವು ಮಾತಿನಲ್ಲಿ ತಿನ್ನುವುದನ್ನು ಅಣಬೆ ಅನ್ನುತ್ತೇವೆ, ತಿನ್ನದ್ದನ್ನು ನಾಯಿಕೊಡೆ ಅನ್ನುತ್ತೇವೆ. ನಿಸರ್ಗದಲ್ಲಿ ಹಾಗೆ ಎರಡು ಗುಂಪುಗಳಿಲ್ಲ. ಅಮಾನಿಟಾ ಎಂಬ ಒಂದೇ ಕುಲದಲ್ಲಿ ರೋಮ್ ಚಕ್ರವರ್ತಿಗಳ ಕಾಲದಿಂದ ಹೆಸರಾದ ರುಚಿಯ ಸೀಸರ್ ಅಣಬೆಯೂ ಇದೆ, ಡೆತ್ ಕ್ಯಾಪೂ ಇದೆ. ವಿಷಗಳೂ ಒಂದೇ ಬಗೆಯವಲ್ಲ. ಒಂದು ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ, ಒಂದು ಮೂತ್ರಪಿಂಡಕ್ಕೆ, ಒಂದು ನರಗಳಿಗೆ. ಇಂಕ್ ಕ್ಯಾಪ್ ಅನ್ನುವ ಒಂದು ಅಣಬೆ ಹಾಗೇ ತಿಂದರೆ ಏನೂ ಮಾಡುವುದಿಲ್ಲ. ಅದರ ಜೊತೆ ಅಥವಾ ಆಮೇಲಿನ ಕೆಲವು ದಿನಗಳಲ್ಲಿ ಮದ್ಯ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಇಷ್ಟು ಬೇರೆ ಬೇರೆ ರಸಾಯನಗಳನ್ನು ಒಂದು ಚಮಚ ಹೇಗೆ ಹಿಡಿಯಬೇಕು?

ಡೆತ್ ಕ್ಯಾಪಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಗತ್ತಿನಲ್ಲಿ ಅಣಬೆ ತಿಂದು ಆಗುವ ಸಾವುಗಳಲ್ಲಿ ಬಹುಪಾಲಿಗೆ ಕಾರಣ ಇದೂ ಇದರ ಬಳಗವೂ. ಇದರ ವಿಷದ ಹೆಸರು ಅಮಾಟಾಕ್ಸಿನ್. ನಮ್ಮ ಜೀವಕೋಶಗಳು ಪ್ರೋಟೀನ್ ಮಾಡಬೇಕಾದರೆ ಮೊದಲು ವಂಶವಾಹಿಯಿಂದ ಒಂದು ನಕಲು ತೆಗೆಯಬೇಕು. ಆ ನಕಲು ತೆಗೆಯುವ ಕಿಣ್ವವನ್ನೇ ಈ ವಿಷ ಕಟ್ಟಿಹಾಕುತ್ತದೆ. ಜೀವಕೋಶ ತಕ್ಷಣ ಸಾಯುವುದಿಲ್ಲ, ಇದ್ದ ದಾಸ್ತಾನಿನಲ್ಲಿ ಕೆಲವು ಗಂಟೆ ನಡೆಯುತ್ತದೆ. ಅದಕ್ಕೇ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹೊತ್ತು ಏನೂ ಗೊತ್ತಾಗುವುದಿಲ್ಲ. ಆಮೇಲೆ ಜೋರು ವಾಂತಿ, ನೀರಿನಂಥ ಭೇದಿ. ಒಂದು ದಿನ ಕಳೆದ ಮೇಲೆ ಅದು ತಾನಾಗಿ ಕಡಿಮೆಯಾಗುತ್ತದೆ. ರೋಗಿ ಎದ್ದು ಕೂರುತ್ತಾರೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋದವರೂ ಇದ್ದಾರೆ. ಆ ಹೊತ್ತಿನಲ್ಲೇ ಒಳಗೆ ಪಿತ್ತಜನಕಾಂಗ ಸಾಯುತ್ತಿರುತ್ತದೆ. ಮೂರನೇ ದಿನದ ಹೊತ್ತಿಗೆ ಕಣ್ಣು ಹಳದಿಯಾದಾಗ ಕೈಯಲ್ಲಿ ಹೆಚ್ಚು ದಾರಿ ಉಳಿದಿರುವುದಿಲ್ಲ. ಮಾರಕವಾಗಲು ದೇಹದ ತೂಕದ ಒಂದು ಕಿಲೋಗೆ ಸುಮಾರು 0.1 ಮಿಲಿಗ್ರಾಂ ವಿಷ ಸಾಕು. ಒಂದು ಸಾಧಾರಣ ಗಾತ್ರದ ಅಣಬೆಯಲ್ಲಿ ಅಷ್ಟು ಇರುತ್ತದೆ. ಕುದಿಸಿದರೂ, ಒಣಗಿಸಿದರೂ, ಫ್ರೀಜರಿನಲ್ಲಿ ಇಟ್ಟರೂ ಅದು ಹಾಳಾಗುವುದಿಲ್ಲ. ತಿಂದು ಬದುಕಿದವರಲ್ಲಿ ಕೆಲವರು ಅದರ ರುಚಿ ಚೆನ್ನಾಗಿತ್ತು ಅಂದಿದ್ದಾರೆ. ಈ ಮಾತನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಕಹಿಯಾದರೆ ಉಗಿಯೋಣ ಅಂತ ಕಾಯುವವರು ಇನ್ನೂ ಇದ್ದಾರೆ.

"ತಲೆತಲಾಂತರದಿಂದ ತಿಂದಿದ್ದೇವೆ" ಅನ್ನುವ ಮಾತಿಗೂ ಒಂದು ಮಿತಿ ಇದೆ. ಯುರೋಪಿನಲ್ಲಿ ಪ್ಯಾಕ್ಸಿಲಸ್ ಇನ್‌ವೊಲ್ಯೂಟಸ್ ಎಂಬ ಕಂದು ಅಣಬೆಯನ್ನು ಬಹಳ ಕಾಲ ತಿಂದರು. ಅದು ಕೆಲವರಲ್ಲಿ ತಿಂದಷ್ಟೂ ಸಲ ದೇಹವನ್ನು ಕೆಣಕಿ, ಒಂದು ದಿನ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೆಂಪು ರಕ್ತಕಣಗಳನ್ನು ಒಡೆಯುವಂತೆ ಮಾಡುತ್ತದೆ. ಯೂಲಿಯುಸ್ ಶೆಫರ್ ಎಂಬ ಜರ್ಮನ್ ಅಣಬೆ ವಿಜ್ಞಾನಿ 1944ರಲ್ಲಿ ಇದನ್ನು ತಿಂದೇ ತೀರಿಕೊಂಡರು. ಟ್ರೈಕೋಲೋಮಾ ಈಕ್ವೆಸ್ಟ್ರೆ ಎಂಬ ಹಳದಿ ಅಣಬೆ ಶತಮಾನಗಳ ಕಾಲ ರುಚಿಗೆ ಹೆಸರಾಗಿತ್ತು. 2001ರಲ್ಲಿ ಫ್ರಾನ್ಸಿನ ವೈದ್ಯರು 12 ಜನರ ವಿವರ ಪ್ರಕಟಿಸಿದರು. ಅವರೆಲ್ಲ ಕೆಲವು ದಿನ ಬಿಡದೆ ಆ ಅಣಬೆ ತಿಂದಿದ್ದರು, ಸ್ನಾಯುಗಳು ಕರಗಿಹೋಗಿದ್ದವು, ಮೂವರು ಸತ್ತಿದ್ದರು. ಏಂಜಲ್ ವಿಂಗ್ ಎಂಬ ಬಿಳಿ ಅಣಬೆ ಜಪಾನಿನಲ್ಲಿ ಎಲ್ಲರೂ ತಿನ್ನುತ್ತಿದ್ದದ್ದೇ. 2004ರಲ್ಲಿ ಅದನ್ನು ತಿಂದ ಹತ್ತಾರು ಜನ ಮೆದುಳಿನ ತೊಂದರೆಗೆ ಒಳಗಾದರು, ಹಲವರು ಸತ್ತರು. ಅವರಲ್ಲಿ ಹೆಚ್ಚಿನವರು ಮೊದಲೇ ಮೂತ್ರಪಿಂಡದ ಕಾಯಿಲೆ ಇದ್ದವರು. ಹಿರಿಯರ ಅನುಭವವನ್ನು ನಾನು ಗೌರವಿಸುತ್ತೇನೆ. ಆದರೆ ಮೂರು ದಿನ ಬಿಟ್ಟು ಬರುವ ಕಾಯಿಲೆಯನ್ನು, ನೂರರಲ್ಲಿ ಒಬ್ಬರಿಗೆ ಬರುವ ಕಾಯಿಲೆಯನ್ನು, ಅಣಬೆಗೆ ಜೋಡಿಸಿ ನೋಡುವುದು ಒಂದು ಮನೆಯ ಅನುಭವದಿಂದ ಆಗುವ ಕೆಲಸವಲ್ಲ.

ಸತ್ವದ ಮಾತಿಗೆ ಬರೋಣ. ಇಲ್ಲಿ ಮಾವನವರು ಅರ್ಧ ಸರಿ. ಅಣಬೆ ಒಳ್ಳೆಯ ಆಹಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ "ಮಾಂಸದಷ್ಟು ಪ್ರೋಟೀನ್" ಎಂದು ಹೇಳುವವರು ಒಣಗಿದ ಅಣಬೆಯ ಲೆಕ್ಕ ಹೇಳುತ್ತಿರುತ್ತಾರೆ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರು. 100 ಗ್ರಾಂ ತಿಂದರೆ ಸಿಗುವ ಪ್ರೋಟೀನ್ ಎರಡು ಮೂರು ಗ್ರಾಂ ಅಷ್ಟೇ. ಕೊಬ್ಬು ತೀರಾ ಕಡಿಮೆ, ನಾರು ಚೆನ್ನಾಗಿದೆ, ಪೊಟ್ಯಾಶಿಯಂ, ಸೆಲೆನಿಯಂ, ಕೆಲವು ಬಿ ವಿಟಮಿನ್‌ಗಳು ಇವೆ. ಎರ್ಗೋಥಯೋನೀನ್ ಎಂಬ ಒಂದು ಉತ್ಕರ್ಷಣ ನಿರೋಧಕ ಪದಾರ್ಥ ನಮಗೆ ಊಟದಿಂದ ಸಿಗುವುದರಲ್ಲಿ ಅಣಬೆಯದೇ ಮೇಲುಗೈ. ಬಿ12 ಸಿಗುತ್ತದೆ ಎಂದು ನಂಬಿ ಬೇರೆ ಮೂಲ ಬಿಡಬೇಡಿ. ಶಾಂಟರೆಲ್‌ನಂಥ ಒಂದೆರಡು ಕಾಡಿನ ಅಣಬೆಯಲ್ಲಿ ಸ್ವಲ್ಪ ಇದೆ, ಹೆಚ್ಚಿನವುಗಳಲ್ಲಿ ಇದ್ದೂ ಇಲ್ಲದಂತೆ.

ಕಾಡಿನದ್ದಕ್ಕೂ ಬೆಳೆಸಿದ್ದಕ್ಕೂ ನಿಜವಾದ ವ್ಯತ್ಯಾಸ ಇರುವುದು ವಿಟಮಿನ್ ಡಿಯಲ್ಲಿ. ಅಣಬೆಯೊಳಗೆ ಎರ್ಗೋಸ್ಟೆರಾಲ್ ಎಂಬ ಪದಾರ್ಥವಿದೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಅದು ವಿಟಮಿನ್ ಡಿ2 ಆಗುತ್ತದೆ. ಬಯಲಲ್ಲಿ ಬೆಳೆದದ್ದಕ್ಕೆ ಬೆಳಕು ಸಿಕ್ಕಿರುತ್ತದೆ, ಕತ್ತಲ ಕೋಣೆಯಲ್ಲಿ ಬೆಳೆದದ್ದಕ್ಕೆ ಇಲ್ಲ. ಆದರೆ ಇದಕ್ಕಾಗಿ ಕಾಡಿಗೆ ಹೋಗಬೇಕಿಲ್ಲ! ಅಂಗಡಿಯಿಂದ ತಂದ ಅಣಬೆಯನ್ನು ಹೆಚ್ಚಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಮುಕ್ಕಾಲು ಗಂಟೆ ಹರಡಿ ಇಡಿ. 100 ಗ್ರಾಂನಲ್ಲಿ 10 ಮೈಕ್ರೋಗ್ರಾಂನಷ್ಟು ವಿಟಮಿನ್ ಡಿ ಆಗುತ್ತದೆ. ದಿನದ ಅಗತ್ಯದ ದೊಡ್ಡ ಪಾಲು ಅದು. ಮಾವನವರಿಗೆ ಈ ಕೆಲಸ ವಹಿಸಿ ನೋಡಿ, ಖುಷಿಯಿಂದ ಮಾಡುತ್ತಾರೆ ಅನ್ನಿಸುತ್ತದೆ.

ರುಚಿಯಲ್ಲಿ ಮಾತ್ರ ಕಾಡಿನದ್ದಕ್ಕೆ ಸಾಟಿಯಿಲ್ಲ. ಇದನ್ನು ಒಪ್ಪಿಕೊಳ್ಳದಿದ್ದರೆ ನಿಮ್ಮ ಮಾವನವರು ನನ್ನ ಉಳಿದ ಮಾತನ್ನೂ ಕೇಳುವುದಿಲ್ಲ! ಗೆದ್ದಲ ಹುತ್ತದಲ್ಲಿ ಏಳುವ ಟರ್ಮಿಟೋಮೈಸಿಸ್ ಅಣಬೆಯನ್ನೇ ತಗೊಳ್ಳಿ. ಗೆದ್ದಲುಗಳು ನೆಲದೊಳಗೆ ತಮ್ಮ ಊಟಕ್ಕಾಗಿ ಸಾಕುವ ಬೂಷ್ಟು ಅದು. ಮಳೆ ಬಂದಾಗ ಉದ್ದನೆಯ ಬೇರಿನಂಥ ದಂಟು ಹೊತ್ತು ಮೇಲೆ ಬರುತ್ತದೆ, ಒಂದೆರಡು ದಿನದಲ್ಲಿ ಬಾಡಿಹೋಗುತ್ತದೆ. ಗೆದ್ದಲಿನ ಜೊತೆ ಬಿಟ್ಟು ಅದು ಕೊಡೆ ಬಿಡುವುದಿಲ್ಲ, ಅದಕ್ಕೇ ಯಾರಿಗೂ ಅದನ್ನು ಬೆಳೆಸಿ ಮಾರಲು ಆಗಿಲ್ಲ. ಅದರ ಒಂದು ಜಾತಿಯ ಕೊಡೆ ಒಂದು ಮೀಟರ್ ಅಗಲದವರೆಗೂ ಹರಡುತ್ತದೆ. ಅಣಬೆಗೆ ಮಾಂಸದಂಥ ರುಚಿ ಕೊಡುವುದು ಗ್ಲುಟಮೇಟ್ ಮತ್ತು ಗ್ವಾನಿಲೇಟ್ ಎಂಬ ಪದಾರ್ಥಗಳು. ಒಂದಿದ್ದರೆ ರುಚಿ, ಎರಡೂ ಸೇರಿದರೆ ಹಲವು ಪಟ್ಟು ರುಚಿ. ಜಪಾನಿನಲ್ಲಿ ಬೆಳೆಸಿ ತಿನ್ನುವ ಶಿಟಾಕೆ ಅಣಬೆಯನ್ನು ಒಣಗಿಸಿ, ನೆನೆಸಿ ಬೇಯಿಸುವಾಗ ಗ್ವಾನಿಲೇಟ್ ಏರುತ್ತದೆ. ಒಣಗಿದ್ದರ ಘಮ ಹಸಿಗಿಂತ ಮುಂದಿರುವುದಕ್ಕೆ ಅದೂ ಒಂದು ಕಾರಣ. ನೆನೆಸಿದ ನೀರನ್ನು ಚೆಲ್ಲಬೇಡಿ.

ಯಾವ ಅಣಬೆಯನ್ನೂ ಹಸಿಯಾಗಿ ತಿನ್ನಬೇಡಿ. ಅದರ ಗೋಡೆ ಕೈಟಿನ್‌ನಿಂದ ಆದದ್ದು, ಏಡಿ ಸೀಗಡಿಯ ಚಿಪ್ಪಿನಲ್ಲಿ ಇರುವುದೂ ಅದೇ. ನಮ್ಮ ಹೊಟ್ಟೆಗೆ ಅದು ಕಷ್ಟ. ಶಿಟಾಕೆಯಂಥ ಒಳ್ಳೆಯ ಅಣಬೆಯನ್ನೂ ಅರೆಬೆಂದದ್ದು ತಿಂದರೆ ಕೆಲವರಿಗೆ ಮೈಮೇಲೆ ಚಾಟಿಯಿಂದ ಹೊಡೆದಂಥ ಕೆಂಪು ಬರೆಗಳು ಏಳುತ್ತವೆ.

ಔಷಧಿಯ ಮಾತು ಇನ್ನೂ ಸೂಕ್ಷ್ಮ, ಯಾಕೆಂದರೆ ಇಲ್ಲಿ ನಿಜದ ಒಂದು ಎಳೆ ಇದೆ, ಅದನ್ನು ಎಳೆದು ಎಳೆದು ಹಗ್ಗ ಮಾಡಿದ್ದಾರೆ. ಶಿಟಾಕೆಯಿಂದ 1969ರಲ್ಲಿ ಜಪಾನಿನ ವಿಜ್ಞಾನಿಗಳು ಲೆಂಟಿನಾನ್ ಎಂಬ ಬೀಟಾ ಗ್ಲೂಕಾನ್ (ಸಕ್ಕರೆಯ ಕಣಗಳು ಸರಪಳಿಯಾಗಿ ಸೇರಿದ ಪದಾರ್ಥ) ಬೇರ್ಪಡಿಸಿದರು. ಹೊಟ್ಟೆಯ ಕ್ಯಾನ್ಸರಿಗೆ ಕೀಮೋ ಜೊತೆ ಕೊಡುವ ಚುಚ್ಚುಮದ್ದಾಗಿ 1985ರಲ್ಲಿ ಅಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇದನ್ನೇ ಹಿಡಿದು "ಅಣಬೆ ತಿಂದರೆ ಕ್ಯಾನ್ಸರ್ ವಾಸಿ" ಅನ್ನುತ್ತಾರೆ. ನೋಡಿ, ಅದು ಶುದ್ಧ ಮಾಡಿದ ಒಂದೇ ಪದಾರ್ಥ, ಅಳತೆ ಗೊತ್ತಿರುವುದು, ರಕ್ತನಾಳಕ್ಕೆ ಕೊಟ್ಟದ್ದು, ಬೇರೆ ಚಿಕಿತ್ಸೆಯ ಜೊತೆಗೆ ಕೊಟ್ಟದ್ದು. ಬಾಣಲೆಯಲ್ಲಿ ಹುರಿದು ತಿಂದದ್ದು ಅದಲ್ಲ.

ಅತ್ತೆಯವರು ತಗೊಳ್ಳಬೇಕೆಂದಿರುವ ಪುಡಿ ಯಾವುದೆಂದು ನೀವು ಬರೆದಿಲ್ಲ. ಸಕ್ಕರೆ ಕಾಯಿಲೆಯ ಹೆಸರಲ್ಲಿ ಜಾಸ್ತಿ ಮಾರಾಟವಾಗುವುದು ಗ್ಯಾನೊಡರ್ಮಾ, ರೀಶಿ ಎಂದೂ ಕರೆಯುತ್ತಾರೆ. ಟೈಪ್ 2 ಸಕ್ಕರೆ ಕಾಯಿಲೆ ಇರುವವರ ಮೇಲೆ ನಡೆದ ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2015ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಇದರಿಂದ ಪ್ರಯೋಜನವಿದೆ ಎನ್ನಲು ಪುರಾವೆ ಸಿಗಲಿಲ್ಲ. ಇಷ್ಟೇ ಆಗಿದ್ದರೆ ದುಡ್ಡು ದಂಡ ಅಂತ ಬಿಡಬಹುದಿತ್ತು. ಆದರೆ ಗ್ಯಾನೊಡರ್ಮಾಕ್ಕೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣ ಇರುವ ಸೂಚನೆಗಳಿವೆ. ಮರದ ಕಿವಿಯಣಬೆಯಲ್ಲೂ ಇಂಥದ್ದೇ ಗುಣವನ್ನು 1980ರಲ್ಲೇ ಗುರುತಿಸಿದ್ದಾರೆ. ರಕ್ತ ತೆಳುವಾಗುವ ಮಾತ್ರೆಯ ಮೇಲೆ ಇದನ್ನು ಸೇರಿಸಿದರೆ ರಕ್ತಸ್ರಾವದ ಅಪಾಯ ಏರಬಹುದು. ಅವರ ವೈದ್ಯರನ್ನು ಕೇಳದೆ ಒಂದು ಚಮಚವೂ ಬೇಡ, ದಯವಿಟ್ಟು. ಸಕ್ಕರೆಯ ಮಾತ್ರೆ ಬಿಟ್ಟು ಇದನ್ನು ಹಿಡಿಯುವುದಂತೂ ಯೋಚಿಸುವ ವಿಷಯವೇ ಅಲ್ಲ. ಚಾಗಾ ಅನ್ನುವ ಇನ್ನೊಂದು ಪುಡಿ ಇದೆ. ಅದರಲ್ಲಿ ಮೂತ್ರಪಿಂಡದಲ್ಲಿ ಹರಳಾಗಿ ಕೂರುವ ಆಕ್ಸಲೇಟ್ ಎಂಬ ಪದಾರ್ಥ ವಿಪರೀತ. ದಿನಾ ನಾಲ್ಕೈದು ಚಮಚದಂತೆ ಆರು ತಿಂಗಳು ತಗೊಂಡ ಜಪಾನಿನ ಮಹಿಳೆಯೊಬ್ಬರ ಮೂತ್ರಪಿಂಡ ಕೆಟ್ಟ ವಿವರ 2014ರಲ್ಲಿ ಪ್ರಕಟವಾಗಿದೆ. ಸಕ್ಕರೆ ಕಾಯಿಲೆ ಇರುವವರ ಮೂತ್ರಪಿಂಡಕ್ಕೆ ಮೊದಲೇ ಸಾಕಷ್ಟು ಹೊರೆ ಇರುತ್ತದೆ. ಅತ್ತೆಯವರಿಗೆ ಅಣಬೆ ಇಷ್ಟವಾದರೆ ಅಂಗಡಿಯ ಬಟನ್ ಅಣಬೆ, ಆಯ್‌ಸ್ಟರ್ ಅಣಬೆ ಪಲ್ಯ ಮಾಡಿಕೊಡಿ. ಪಿಷ್ಟ ಕಡಿಮೆ, ಸಕ್ಕರೆ ಥಟ್ಟನೆ ಏರುವುದಿಲ್ಲ. ಊಟವಾಗಿ ಅಣಬೆ ಅವರಿಗೆ ಒಳ್ಳೆಯದೇ.

ಇನ್ನು ಮುಂದಿನ ದಾರಿ. ಕಾಡಿನ ಅಣಬೆ ಪೂರ್ತಿ ಬಿಟ್ಟುಬಿಡುವುದು ಒಂದು. ಇದರಲ್ಲಿ ಅಪಾಯವಿಲ್ಲ, ಮಾವನವರ ಒಂದು ಸಂತೋಷ ಮಾತ್ರ ಹೋಗುತ್ತದೆ. ಚಿಕ್ಕ ಮಗು ಇರುವ ಮನೆಗೆ, ಹತ್ತಿರದಲ್ಲಿ ಅಣಬೆ ಬಲ್ಲವರು ಯಾರೂ ಇಲ್ಲದಿದ್ದರೆ, ನಾನು ಹೇಳುವುದು ಇದನ್ನೇ. ಇನ್ನೊಂದು, ಈ ಹೊಸ ಜಾಗದ ಅಣಬೆ ಬಲ್ಲ ಯಾರಾದರೂ ಸಿಕ್ಕರೆ, ಅವರ ಜೊತೆ ಒಂದೆರಡು ಮಳೆಗಾಲ ತಿರುಗಿ, ಒಂದೋ ಎರಡೋ ಜಾತಿಯನ್ನು ಮಾತ್ರ ಪಕ್ಕಾ ಕಲಿಯುವುದು. "ಅಣಬೆ ಗುರುತಿಸಲು ಬರುತ್ತದೆ" ಅನ್ನುವ ಒಟ್ಟಾರೆ ವಿದ್ಯೆ ಇಲ್ಲ. ಒಂದೊಂದೇ ಅಣಬೆಯನ್ನು, ಅದರ ಜೊತೆ ಅದನ್ನು ಹೋಲುವ ವಿಷದ ಅಣಬೆಯನ್ನೂ ಕಲಿಯಬೇಕು. ಬುಡವನ್ನು ಚಾಕುವಿನಿಂದ ಕತ್ತರಿಸದೆ ಮಣ್ಣು ಸಮೇತ ಎತ್ತಬೇಕು, ಡೆತ್ ಕ್ಯಾಪಿನ ಚೀಲ ಮಣ್ಣೊಳಗೆ ಅಡಗಿರುತ್ತದೆ. ಮೊಟ್ಟೆಯಾಕಾರದ ಮೊಗ್ಗು ಸಿಕ್ಕರೆ ಮೇಲಿಂದ ಕೆಳಗೆ ಸೀಳಿ ನೋಡಬೇಕು. ಒಳಗೆ ಪುಟ್ಟ ಕೊಡೆಯ ಆಕಾರ ಕಂಡರೆ ಅದು ಪಫ್‌ಬಾಲ್ ಎಂಬ ಚೆಂಡಿನಂಥ ಅಣಬೆಯಲ್ಲ. ಪುಟ್ಟ ಪುಟ್ಟ ಕೊಡೆಗಳನ್ನು ಮುಟ್ಟಲೇಬೇಡಿ. ಪ್ಯಾರಸಾಲಿನಂತೆ ಕಾಣುವ ಚಿಕ್ಕ ಲೆಪಿಯೋಟಾಗಳಲ್ಲಿ ಕೆಲವಕ್ಕೆ ಅಮಾಟಾಕ್ಸಿನ್ ಇದೆ. ರಸ್ತೆ ಬದಿ, ಕಾರ್ಖಾನೆಯ ಸುತ್ತ, ಔಷಧಿ ಹೊಡೆದ ಹುಲ್ಲು, ಇಲ್ಲೆಲ್ಲ ಒಳ್ಳೆಯ ಜಾತಿ ಎದ್ದರೂ ಬೇಡ. ಅಣಬೆ ಮಣ್ಣಿನಿಂದ ಕ್ಯಾಡ್ಮಿಯಂ, ಪಾದರಸ ಎಳೆದುಕೊಂಡು ಕೂಡಿಡುತ್ತದೆ.

ಮೊಬೈಲ್ ಆ್ಯಪ್ ನಂಬಬಹುದಾ ಎಂದು ನೀವು ಕೇಳಿಲ್ಲ. ಎಲ್ಲರೂ ಕೇಳುವುದರಿಂದ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಮೂರು ಆ್ಯಪ್‌ಗಳನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಚೆನ್ನಾಗಿದ್ದ ಆ್ಯಪ್ ಸರಿಯಾಗಿ ಗುರುತಿಸಿದ್ದು ಅರ್ಧದಷ್ಟನ್ನು ಮಾತ್ರ.

ಮುಂದೆ ಯಾವತ್ತಾದರೂ ಗುರುತು ಪಕ್ಕಾ ಆದ ಅಣಬೆಯನ್ನು ತಿನ್ನುವ ದಿನ ಬಂದರೆ, ಮೊದಲ ಸಲ ದೊಡ್ಡವರು ಮಾತ್ರ, ಎರಡು ಮೂರು ತುತ್ತು, ಚೆನ್ನಾಗಿ ಬೇಯಿಸಿ. ಎರಡು ಜಾತಿ ಬೆರೆಸಬೇಡಿ. ಒಂದು ಹಸಿ ಅಣಬೆಯನ್ನು ಬೇಯಿಸದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇಟ್ಟಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬೆವೆತು ಕೊಳೆಯುತ್ತದೆ, ಒಳ್ಳೆಯ ಅಣಬೆಯೂ ಕೊಳೆತರೆ ಹೊಟ್ಟೆ ಕೆಡಿಸುತ್ತದೆ. ಯಾರಿಗಾದರೂ ತೊಂದರೆಯಾದರೆ ಅದೇ ಅಣಬೆ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ. ಎಷ್ಟು ಹೊತ್ತಿಗೆ ತಿಂದಿರಿ, ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಬರೆದುಕೊಳ್ಳಿ. ಬೇಗ ಶುರುವಾಯಿತು, ಅಪಾಯವಿಲ್ಲ ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಬುಟ್ಟಿಯಲ್ಲಿ ಎರಡು ಬಗೆ ಸೇರಿದ್ದರೆ ಮೊದಲನೆಯದು ಎರಡು ಗಂಟೆಯಲ್ಲಿ, ಎರಡನೆಯದು ಹತ್ತು ಗಂಟೆಯಲ್ಲಿ ಕೆಲಸ ತೋರಿಸಬಹುದು. ಒಟ್ಟಿಗೆ ತಿಂದವರೆಲ್ಲರನ್ನೂ, ಆರಾಮಿದ್ದವರನ್ನೂ ಕರೆದುಕೊಂಡು ಹೋಗಿ. ಬಲವಂತವಾಗಿ ವಾಂತಿ ಮಾಡಿಸುವುದು ಬೇಡ. ಆಸ್ಪತ್ರೆಯಲ್ಲಿ ವಿಷ ಹೀರುವ ಇದ್ದಿಲು, ಡ್ರಿಪ್, ಸಿಲಿಬಿನಿನ್‌ನಂಥ ಔಷಧಿ ಕೊಡುತ್ತಾರೆ, ಕೆಲವೊಮ್ಮೆ ಪಿತ್ತಜನಕಾಂಗದ ಕಸಿಯವರೆಗೂ ಹೋಗಬೇಕಾಗುತ್ತದೆ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು.

ಎದುರಿನ ಹುಲ್ಲಿನಲ್ಲಿ ಆ ಬಿಳಿ ಕೊಡೆಗಳು ಮತ್ತೆ ಏಳುತ್ತವೆ. ಆಗ ಮಾವನವರನ್ನು ತಡೆಯಬೇಡಿ, ಒಂದನ್ನು ಕಿತ್ತು ತರಲು ಹೇಳಿ. ಅಡುಗೆಮನೆಗೆ ಬೇಡ, ಮೇಜಿಗೆ. ಚೆನ್ನಾಗಿ ಅರಳಿದ್ದೇ ಆಗಬೇಕು. ದಂಟು ಕತ್ತರಿಸಿ ತೆಗೆದು, ಕೊಡೆಯನ್ನು ಪದರ ಕೆಳಗಾಗಿ ಒಂದು ಹಾಳೆಯ ಮೇಲೆ ಇಡಿ. ಅರ್ಧ ಹಾಳೆ ಬಿಳಿ, ಅರ್ಧ ಕಪ್ಪು ಇದ್ದರೆ ಒಳ್ಳೆಯದು, ಬಿಳಿ ಬೀಜಕ ಬಿಳಿ ಹಾಳೆಯಲ್ಲಿ ಕಾಣುವುದಿಲ್ಲ. ಮೇಲೊಂದು ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮಾವನವರೇ ಮೊಮ್ಮಗಳ ಎದುರು ಬಟ್ಟಲು ಎತ್ತಲಿ. ಕೊಡೆ ತೆಗೆದಾಗ ಹಾಳೆಯ ಮೇಲೆ ಚಕ್ರದ ಕಡ್ಡಿಗಳಂತೆ ಪುಡಿಯ ಗೆರೆಗಳು ಮೂಡಿರುತ್ತವೆ. ಅವು ಹಸಿರಾಗಿದ್ದರೆ ಆ ರಾತ್ರಿ ನಿಮ್ಮ ಹೊಟ್ಟೆ ಕೆಡಿಸಿದ್ದು ಯಾವುದೆಂದು ಅವರಿಗೇ ಗೊತ್ತಾಗುತ್ತದೆ. ಬಿಳಿಯಾಗಿದ್ದರೆ ತಿನ್ನಬಹುದು ಎಂದು ಅರ್ಥವಲ್ಲ, ಡೆತ್ ಕ್ಯಾಪಿನ ಪುಡಿಯೂ ಬಿಳಿಯೇ. ಯಾವ ಬಣ್ಣ ಬಂದರೂ ಆ ಹಾಳೆಯ ಫೋಟೋ, ಇಡೀ ಅಣಬೆಯ ಫೋಟೋ, ಬುಡದ ಫೋಟೋ ತೆಗೆದು ನನಗೆ ಕಳಿಸಿ. ಬಟ್ಟಲು, ಮೇಜು ಒರೆಸಿ, ಕೈ ಸೋಪು ಹಾಕಿ ತೊಳೆದುಕೊಳ್ಳಿ.